ಸಕ್ಕರೆ ವರ್ತಕನ ಮಗನ ಚಿತ್ರಪಟ

ಅಕ್ಷರಗಳನ್ನು ಓದಲು ಕಲಿತವರು ಚಿತ್ರಗಳನ್ನೂ ಓದಲು ಕಲಿಯಬಹುದೆಂಬದು ನಮ್ಮ ಅಭಿಪ್ರಾಯ. ಆದದರಿಂದ ಈ ತಿಂಗಳ ಪಾಠಕ್ಕಾಗಿ ಒಂದು ಚಿತ್ರಪಟವನ್ನು ಆರಿಸಿಕೊಂಡಿದ್ದೇವೆ. ಅದು 1634ನೇ ಇಸವಿಯಲ್ಲಿ ಹಾಲೆಂಡ್ ದೇಶದ ಆಮ್‌ಸ್ಟರ್‌ಡಾಮ್ ಪಟ್ಟಣದಲ್ಲಿ ರೆಂಬ್ರಾಂಟ್ ಎಂಬ ಚಿತ್ರಗಾರನು ಎಣ್ಣೆಬಣ್ಣಗಳಿಂದ ಬರೆದದ್ದು. ಅದರಲ್ಲಿ ನಿಂತಿರುವ ಯೌವನಸ್ಥನ ಹೆಸರು ಮಾರ್ಟೆನ್ ಸೋಲ್ಮನ್ಸ್. ಆಗ ಅವನ ಪ್ರಾಯವು ಸುಮಾರು ಇಪ್ಪತ್ತೊಂದು. ಮದುವೆಯಾದದ್ದು ಹಿಂದಣ ವರುಷ. ಅವನ ಹೆಂಡತಿಯಾದ ಓಪ್ಯೆನ್ ಕೊಪ್ಪಿಟ್ ಎಂಬವಳ ಚಿತ್ರವನ್ನೂ ಅದೇ ಚಿತ್ರಗಾರನು ಅದೇ ಅಳತೆಯಲ್ಲಿ ಬರೆದನು. ಎರಡೂ ಒಂದರ ಪಕ್ಕದಲ್ಲಿ ಒಂದು ತೂಗತಕ್ಕವುಗಳು. ನಮ್ಮ ಹಳ್ಳಿಗಳಲ್ಲಿಯೂ ಮದುವೆಯಾದ ಮೇಲೆ ಗಂಡಹೆಂಡರು ಪೇಟೆಗೆ ಹೋಗಿ, ಇದ್ದದ್ದರಲ್ಲಿ ಒಳ್ಳೆಯ ಬಟ್ಟೆಯನ್ನುಟ್ಟು, ಇಲ್ಲದಿದ್ದರೆ ಎರವಲು ತಂದಾದರೂ ಉಟ್ಟು, ಫೋಟೋ ತೆಗೆಸಿಕೊಂಡು ಗೋಡೆಗೆ ಹಾಕುವದುಂಟಲ್ಲವೇ? ಇದೂ ಆ ಬಗೆಯದೇ. ಆದರೆ ಇಲ್ಲಿ ಎರವಲಿನದು ಏನೂ ಇರಲಿಲ್ಲ.

ಮೊದಲು ಚಿತ್ರವನ್ನು ಮನಸ್ಸಿನ ಮುಂದೆ ನಿಲ್ಲಿಸಿಕೊಳ್ಳೋಣ. ಅದರ ಎತ್ತರ ಸುಮಾರು 7 ಅಡಿ. ಅಗಲ 4 ಅಡಿಗಿಂತ ಸ್ವಲ್ಪ ಹೆಚ್ಚು. ಹೀಗಿರಲಾಗಿ ಅದರೊಳಗಿನ ಮನುಷ್ಯನು ನಿಜವಾದ ಮನುಷ್ಯನಷ್ಟೇ ದೊಡ್ಡವನಾಗಿ ಕಾಣುತ್ತಾನೆ. ಕೆಳಗೆ ಕಲ್ಲುಹಾಸಿದ ನೆಲ. ಹಿಂದೆ ಇಳಿಬಿಟ್ಟ ಪರದೆ. ಆ ಪರದೆಯು ಹೆಂಡತಿಯ ಚಿತ್ರದಲ್ಲಿಯೂ ಮುಂದರಿಯುತ್ತದೆ. ಇದರಿಂದ ಇಬ್ಬರೂ ಒಂದೇ ಕೋಣೆಯಲ್ಲಿರುವದಾಗಿ ತಿಳಿಯಬೇಕು. ಮಾರ್ಟೆನನ ಮುಖವು ಗುಂಡಗೆ, ತುಂಬಿಕೊಂಡು ಇದೆ. ಹಸಿವೆಯನ್ನು ಎಂದೂ ಕಾಣದ ಮುಖ. ತಲೆಯ ಮೇಲೆ ಅಗಲವಾದ ಅಂಚಿನ ಕರೀ ಟೋಪಿ. ಮೈಮೇಲೆ ಕಪ್ಪು ಬಣ್ಣದ ರೇಷ್ಮೆಯ ಉಡುಪು. ಅದರ ಮೇಲೆ ಹೆಗಲುಗಳನ್ನೆಲ್ಲಾ ಮುಚ್ಚುವ ಬಿಳೀ ಲೇಸಿನ ಕೊರಳಪಟ್ಟಿ. ಮೊಣಕಾಲುಗಳ ಕೆಳಗೆ ಕಟ್ಟಿದ ಪಟ್ಟಿಗಳಿಗೂ ಲೇಸು. ಜೋಡುಗಳ ಮೇಲೆ, ಅಂಗೈಗಿಂತ ಸಣ್ಣದೆಂದು ಹೇಳಲಾಗದ, ಹೂವಿನಾಕಾರದ ಗೊಂಡೆಗಳು. ಅವನು ಒಂದು ಕೈಯಲ್ಲಿ ಕೈಗವುಸನ್ನು ಹಿಡಿದು, ಅದನ್ನು ಹೆಂಡತಿಯಿರುವ ಕಡೆಗೆ ಚಾಚಿದ್ದಾನೆ. ಆಕೆಯಾದರೋ ತನ್ನ ನಿಲುವಂಗಿಯನ್ನು ಸ್ವಲ್ಪ ಎತ್ತಿಕೊಂಡು ಅವನ ಕಡೆಗೆ ಹೆಜ್ಜೆಯಿಡುವವಳ ಹಾಗಿದ್ದಾಳೆ. ಕೊರಳಲ್ಲಿ ಮುತ್ತುಗಳು, ಅವುಗಳಿಗೆ ಕಟ್ಟಿದ ಉಂಗುರ, ಕೈಯಲ್ಲಿ ಕರೀ ಗರಿಗಳ ಬೀಸಣಿಗೆ.

ಇದನ್ನು ಕೇಳಿದವರು, “ಇಷ್ಟು ಐಶ್ವರ್ಯವುಳ್ಳವರು ಬಣ್ಣಬಣ್ಣದ ಬಟ್ಟೆಗಳನ್ನು ಬಿಟ್ಟು ಕಪ್ಪನ್ನು ಯಾಕೆ ಉಟ್ಟರು?” ಎಂದು ಕೇಳುವದು ಸಹಜ. ಆ ಕಾಲದ ಹಾಲೆಂಡಿನಲ್ಲಿ ಮುಖ್ಯ ಸಭೆಯು ಕಾಲ್ವಿನನ ಬೋಧನೆಯನ್ನು ಅನುಸರಿಸಿದ ರಿಫಾರ್ಮ್ಡ್ ಸಭೆಯಾಗಿತ್ತು. ಅದರ ಬೋಧಕರು ಉಡುಪಿನ ಆಡಂಬರವನ್ನು ಕುರಿತು ಜನರನ್ನು ಬಹಳವಾಗಿ ಎಚ್ಚರಿಸುತ್ತಿದ್ದರು. ಕಪ್ಪು ಬಟ್ಟೆಯು ಗಂಭೀರವಾದದ್ದೆಂದು ಎಣಿಸಲ್ಪಟ್ಟಿತ್ತು. ಆದರೆ ಬಣ್ಣ ಹಾಕುವವರನ್ನು ವಿಚಾರಿಸಿದರೆ ಬೇರೆ ಸಂಗತಿ ತಿಳಿಯುವದು. ಆ ದಿನಗಳಲ್ಲಿ ಮಾಸದೆ, ಕಂದಾಗದೆ, ಆಳವಾಗಿ ನಿಲ್ಲುವ ಕಪ್ಪನ್ನು ರೇಷ್ಮೆಗೆ ಹಿಡಿಸಬೇಕಾದರೆ ಬಟ್ಟೆಯನ್ನು ಒಂದಾದ ಮೇಲೊಂದಾಗಿ ಅನೇಕ ಸಾರಿ ಅದ್ದಬೇಕಾಗಿತ್ತು; ಅದರ ಕ್ರಯವು ಬಹಳ. ಆದದರಿಂದ ಮಾರ್ಟೆನನ ಕಪ್ಪು ಉಡುಪು ದೂರದಿಂದ ನೋಡುವವರಿಗೆ ಸಾದಾ, ಹತ್ತಿರ ಬಂದು ಮುಟ್ಟಿದವರಿಗೆ ಐಶ್ವರ್ಯ. ಒಡವೆಗಳನ್ನು ಬಿಟ್ಟೆವೆಂದು ಹೇಳಿ ಜರಿಯಂಚಿನ ಸೀರೆಗೆ ತಿರುಗಿದವರನ್ನು ನಾವೂ ಕಂಡಿದ್ದೇವೆ. ಆ ಕಾಲದ ಡಚ್ಚರನ್ನು ನೋಡಿ ನಗುವದಕ್ಕೆ ನಮಗೆ ಹೆಚ್ಚು ಸ್ವಾತಂತ್ರ್ಯವಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಒಬ್ಬನನ್ನು ತಲೆಯಿಂದ ಪಾದದ ವರೆಗೆ, ಆಳೆತ್ತರವಾಗಿ, ನಿಂತಿರುವಂತೆ ಬರೆಯುವದು ಯೂರೋಪಿನಲ್ಲಿ ಹೆಚ್ಚಾಗಿ ಅರಸರಿಗೂ ಪ್ರಭುಗಳಿಗೂ ಸಲ್ಲುತ್ತಿದ್ದ ಮರ್ಯಾದೆ. ವರ್ತಕರು ಎದೆಯ ವರೆಗೆ, ಹೆಚ್ಚೆಂದರೆ ಮೊಣಕಾಲಿನ ವರೆಗೆ ಬರೆಯಿಸಿಕೊಂಡು ತೃಪ್ತರಾಗುತ್ತಿದ್ದರು. ಮಾರ್ಟೆನನು ಅರಸನಲ್ಲ, ಪ್ರಭುವಲ್ಲ, ಯುದ್ಧದಲ್ಲಿ ಹೆಸರು ಪಡೆದವನೂ ಅಲ್ಲ. ಲೈಡನ್ ಪಟ್ಟಣದ ವಿಶ್ವವಿದ್ಯಾಲಯಕ್ಕೆ ನ್ಯಾಯಶಾಸ್ತ್ರವನ್ನು ಕಲಿಯಲು ಹೋಗಿದ್ದ ಒಬ್ಬ ಹುಡುಗನು. ಆದಾಗ್ಯೂ ಅವನು ಅರಸನ ಅಳತೆಯಲ್ಲಿ ನಿಂತನು. ರೆಂಬ್ರಾಂಟನು ತನ್ನ ಜೀವಮಾನದಲ್ಲಿ ಗಂಡಹೆಂಡರನ್ನು ಹೀಗೆ ಎರಡು ಆಳೆತ್ತರದ ಪಟಗಳಲ್ಲಿ ಜೋಡಿಯಾಗಿ ಬರೆದದ್ದು ಇದೊಂದೇ ಸಾರಿ.

ಚಿತ್ರವನ್ನು ಬರೆದ ಬಗೆಯನ್ನು ತಿಳಿಯುವದೂ ಲಾಭವೇ. ಅಗಸೆಯ ಗಿಡವನ್ನು ನಮ್ಮ ಒಣಭೂಮಿಯ ಒಕ್ಕಲಿಗರು ಬಲ್ಲರು. ನಾವು ಅದನ್ನು ಬೀಜಕ್ಕಾಗಿ ಬೆಳೆಸುತ್ತೇವೆ. ಆ ದೇಶದವರು ಅದರ ನಾರನ್ನೂ ತೆಗೆದು ನೂಲು ಮಾಡುತ್ತಿದ್ದರು. ಆ ನೂಲಿನಿಂದಲೇ ಚಿತ್ರವನ್ನು ಬರೆಯುವ ಗಟ್ಟಿ ಬಟ್ಟೆಯು ನೇಯಲ್ಪಡುತ್ತಿತ್ತು. ಬಣ್ಣದ ಪುಡಿಗಳನ್ನು ಕಲಸುವದು ಅಗಸೆಯ ಎಣ್ಣೆಯಲ್ಲಿ. ಯಾಕಂದರೆ ಆ ಎಣ್ಣೆಯು ಗಾಳಿಗೆ ಒಣಗಿ ಗಟ್ಟಿಯಾದ ಪದರವಾಗುತ್ತದೆ, ಉಳಿದ ಅನೇಕ ಎಣ್ಣೆಗಳ ಹಾಗೆ ಜಿಡ್ಡಾಗಿ ನಿಲ್ಲುವದಿಲ್ಲ. ಮಾರ್ಟೆನನ ಕೊರಳಪಟ್ಟಿಯ ಲೇಸು ಸಹ ಅಗಸೆಯ ನೂಲಿನದೇ. ಹೀಗೆ ಬಟ್ಟೆಯೂ, ಬಣ್ಣವನ್ನು ಹಿಡಿದ ಎಣ್ಣೆಯೂ, ಆ ಬಣ್ಣದಿಂದ ತೋರಿಸಲ್ಪಟ್ಟ ಲೇಸೂ ಒಂದೇ ಗಿಡದಿಂದ ಬಂದವು.

ಆ ಲೇಸನ್ನು ಬರೆದ ಕೈಚಳಕವು ಆಶ್ಚರ್ಯವಾದದ್ದು. ಲೇಸು ಹೆಣೆಯುವ ನಮ್ಮ ಸಹೋದರಿಯರು ಒಂದೊಂದೇ ಎಳೆಯನ್ನು ಲೆಕ್ಕವಿಟ್ಟು ಹಾಕುವಂತೆ ಚಿತ್ರಗಾರನೂ ಬಿಳೀ ಎಳೆಗಳನ್ನು ಒಂದೊಂದಾಗಿ ಎಳೆದಿರುವನೆಂದು ನಾವು ನೆನಸುವೆವು. ರೆಂಬ್ರಾಂಟನು ಆ ವರುಷಗಳಲ್ಲಿ ಹಾಗೆ ಮಾಡಲಿಲ್ಲ. ಅವನು ಮೊದಲು ಕೊರಳಪಟ್ಟಿಯನ್ನೆಲ್ಲಾ ಸೀಸದಿಂದಾದ ಬಿಳುಪಿನಿಂದ ಬಳಿದು, ಅದರ ಮೇಲೆ ಸಣ್ಣ ಕುಂಚದಿಂದ ಕಪ್ಪು ಚುಕ್ಕೆಗಳನ್ನೂ ಗೆರೆಗಳನ್ನೂ ಇಟ್ಟನು. ಅಂದರೆ ಅವನು ಬರೆದದ್ದು ಎಳೆಗಳನ್ನಲ್ಲ, ಎಳೆಗಳ ನಡುವಣ ತೂತುಗಳನ್ನು. ಹತ್ತಿರದಿಂದ ನೋಡಿದರೆ ಬರೀ ಚುಕ್ಕೆಗಳು. ಮೂರು ಮಾರು ಹಿಂದೆ ಸರಿದು ನೋಡಿದರೆ ಬೆರಳಿನಿಂದ ಎತ್ತಬಹುದಾದ ಲೇಸು.

ಈ ರೆಂಬ್ರಾಂಟನು ದೊಡ್ಡ ಮನೆಯವನಲ್ಲ. ಅವನು 1606ರಲ್ಲಿ ಲೈಡನ್ ಪಟ್ಟಣದಲ್ಲಿ ಒಬ್ಬ ಗಿರಣಿಯವನ ಮಗನಾಗಿ ಹುಟ್ಟಿದನು. ಸುಮಾರು 1631ರಲ್ಲಿ ಆಮ್‌ಸ್ಟರ್‌ಡಾಮಿಗೆ ಬಂದು, ಹೆಂಡ್ರಿಕ್ ಆಯ್ಲೆನ್‌ಬರ್ಕ್ ಎಂಬ ಚಿತ್ರವ್ಯಾಪಾರಿಯ ಸಂಗಡ ಕೆಲಸಮಾಡುತ್ತಾ ಐಶ್ವರ್ಯವಂತರ ಮುಖಗಳನ್ನು ಬರೆಯತೊಡಗಿದನು. ಮಾರ್ಟೆನನನ್ನು ಬರೆದ ವರುಷದಲ್ಲಿಯೇ ಆ ವ್ಯಾಪಾರಿಯ ಬಂಧುವಾದ ಸಾಸ್ಕಿಯಾ ಎಂಬಾಕೆಯನ್ನು ಮದುವೆಯಾದನು. ಕೈತುಂಬಾ ಹಣ ಬಂದ ದಿನಗಳಲ್ಲಿ ಅವನು ದೊಡ್ಡ ಮನೆಯನ್ನು ಕೊಂಡನು. 1656ರಲ್ಲಿ ಸಾಲಗಾರರಿಗೆ ಕೊಡಲಾರದೆ ದಿವಾಳಿಯಾದನು. 1669ರಲ್ಲಿ ಸತ್ತಾಗ ಬಾಡಿಗೆಯ ಸಮಾಧಿಯಲ್ಲಿ ಹೂಣಲ್ಪಟ್ಟನು. ಆದರೆ ಅವನ ಕಥೆಯು ಇಂದಿನ ಪಾಠವಲ್ಲ.

ಪಾಠವು ಇಲ್ಲಿಂದ ಕಷ್ಟವಾಗುತ್ತದೆ. ಚಿತ್ರಗಾರನು ಕೂಲಿ ತೆಗೆದುಕೊಂಡು ತನ್ನ ಮುಂದೆ ನಿಂತದ್ದನ್ನು ಬರೆದನು. ಲೇಸನ್ನು ಕಂಡನು, ಬರೆದನು. ರೇಷ್ಮೆಯ ಮೇಲೆ ಬಿದ್ದ ಬೆಳಕನ್ನು ಕಂಡನು, ಅದನ್ನೂ ಬರೆದನು. ಆ ಲೇಸಿಗೂ ರೇಷ್ಮೆಗೂ ಹಣವು ಎಲ್ಲಿಂದ ಬಂತೆಂಬದು ಅವನ ಮುಂದೆ ನಿಂತಿರಲಿಲ್ಲ. ಅದನ್ನು ನಾವು ಬೇರೆ ದಫ್ತರಗಳಿಂದ ಹುಡುಕಿ ತಂದು ಚಿತ್ರದ ಬದಿಯಲ್ಲಿ ಇಡಬೇಕು.

ಮಾರ್ಟೆನನ ತಂದೆಯಾದ ಯಾನ್ ಸೋಲ್ಮನ್ಸನು ದಕ್ಷಿಣದ ಆಂಟ್ವರ್ಪ್ ಪಟ್ಟಣದಿಂದ ಬಂದವನು. 1585ರಲ್ಲಿ ಆ ಪಟ್ಟಣವು ಸ್ಪೇನಿನ ಅರಸನ ಸೈನ್ಯದ ಕೈಗೆ ಬಿದ್ದ ಮೇಲೆ ಸಾವಿರಾರು ಪ್ರಾಟೆಸ್ಟಂಟರೂ ವರ್ತಕರೂ ಕೆಲಸಗಾರರೂ ಉತ್ತರಕ್ಕೆ ವಲಸೆಬಂದು, ಹಣವನ್ನೂ ಕಸಬುಗಳನ್ನೂ ತಮ್ಮ ಸಂಗಡ ತಂದರು. ಆ ಕಸಬುಗಳಲ್ಲಿ ಸಕ್ಕರೆಯನ್ನು ಶುದ್ಧಮಾಡುವದು ಒಂದು. ಯಾನನು ಆಮ್‌ಸ್ಟರ್‌ಡಾಮಿನಲ್ಲಿ ಅಂಥ ಸಕ್ಕರೆಯ ಕಾರ್ಖಾನೆಯನ್ನು ಇಟ್ಟಿದ್ದನು. ಅದರ ಹೆಸರನ್ನು ಕೇಳಿದರೆ ನಮ್ಮ ವಾಚಕರು ನಗುವರು: ರೋಮಾಪುರಿಯ ಸಭೆಯವರು ಸತ್ತವರ ಆತ್ಮಗಳು ಶುದ್ಧವಾಗುವವೆಂದು ಹೇಳುವ ಬೆಂಕಿಯ ಸ್ಥಳಕ್ಕೆ ಯಾವ ಹೆಸರೋ, ಆ ಕಾರ್ಖಾನೆಗೂ ಅದೇ ಹೆಸರು! ಅಲ್ಲಿ ಹಗಲೆಲ್ಲಾ ಉರಿಯುತ್ತಿದ್ದ ಒಲೆಗಳನ್ನು ನೋಡಿದವರಿಗೆ ಆ ಹೆಸರು ತಪ್ಪೆಂದು ಕಂಡಿರಲಿಕ್ಕಿಲ್ಲ.

ಆಲೆಮನೆಯನ್ನು ಕಂಡವರಿಗೆ ಆ ಕೆಲಸವನ್ನು ವಿವರಿಸುವದು ಸುಲಭ. ನಾವು ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ, ಸುಣ್ಣವನ್ನೋ ಬೆಂಡೆಗಿಡದ ಲೋಳೆಯನ್ನೋ ಹಾಕಿ, ಮೇಲೆ ಬಂದ ಮಡ್ಡಿಯನ್ನು ತೆಗೆದು, ಪಾಕವನ್ನು ಅಚ್ಚಿಗೆ ಹೊಯ್ಯುತ್ತೇವೆ. ಆಮ್‌ಸ್ಟರ್‌ಡಾಮಿಗೆ ಕಬ್ಬು ಬರುತ್ತಿರಲಿಲ್ಲ. ಸಮುದ್ರದಾಚೆಯಲ್ಲಿ ಒಮ್ಮೆ ಕಾಯಿಸಿ ಮಾಡಿದ ಕಂದು ಸಕ್ಕರೆಯು ಮರದ ಪೆಟ್ಟಿಗೆಗಳಲ್ಲಿ ಬರುತ್ತಿತ್ತು. ಅದನ್ನು ಸುಣ್ಣದ ನೀರಿನಲ್ಲಿ ಕರಗಿಸಿ, ತಾಮ್ರದ ಕೊಪ್ಪರಿಗೆಗಳಲ್ಲಿ ಮತ್ತೆ ಕಾಯಿಸಿ, ಮೈಲಿಗೆಯು ಮೇಲಕ್ಕೆ ಬರುವ ಹಾಗೆ ಎತ್ತಿನ ರಕ್ತವನ್ನೋ ಮೊಟ್ಟೆಯ ಲೋಳೆಯನ್ನೋ ಬೆರಸುತ್ತಿದ್ದರು. ತಿಳಿಯಾದ ಪಾಕವನ್ನು, ಮೊನೆಯಲ್ಲಿ ತೂತುಳ್ಳ ಮಣ್ಣಿನ ಅಚ್ಚುಗಳಿಗೆ ಹೊಯ್ದು, ಮೇಲ್ಗಡೆ ಹಸೀ ಜೇಡಿಮಣ್ಣನ್ನು ಮೆತ್ತಿದರೆ, ಅದರ ನೀರು ಮೆಲ್ಲಮೆಲ್ಲನೆ ಇಳಿದು ಕಾಕಂಬಿಯನ್ನು ತೂತಿನಿಂದ ಹೊರಡಿಸುವದು. ಕಡೆಯಲ್ಲಿ ಅಚ್ಚನ್ನು ಕವಚಿದರೆ ಗೋಪುರದಾಕಾರದ ಬಿಳೀ ಸಕ್ಕರೆಯ ಗಟ್ಟಿಯು ಹೊರಗೆ ಬರುವದು. ಮಾರ್ಟೆನನ ಲೇಸಿನಷ್ಟೇ ಬಿಳುಪು.

ಆ ಕಂದು ಸಕ್ಕರೆಯು ಬರುತ್ತಿದ್ದದ್ದು ಹೆಚ್ಚಾಗಿ ದಕ್ಷಿಣ ಅಮೇರಿಕದ ಬ್ರಜಿಲ್ ದೇಶದಿಂದ. ಅಲ್ಲಿ ಪೋರ್ಚುಗೀಸರು ಕಬ್ಬಿನ ತೋಟಗಳನ್ನು ಮಾಡಿದ್ದರು. ಕಬ್ಬು ಕಡಿಯುವವರೂ, ಗಾಣಕ್ಕೆ ಕೊಡುವವರೂ, ಕೊಪ್ಪರಿಗೆಯ ಮುಂದೆ ನಿಲ್ಲುವವರೂ ಆಫ್ರಿಕದಿಂದ ಹಡಗುಗಳಲ್ಲಿ ಒಯ್ಯಲ್ಪಟ್ಟ ಗುಲಾಮರೇ. ಕಬ್ಬನ್ನು ಕಡಿದ ಮೇಲೆ ತಡಮಾಡಿದರೆ ರಸವು ಕೆಡುತ್ತದೆಂಬದು ನಮಗೆ ತಿಳಿದದೆ. ಆದದರಿಂದ ಕಟಾವಿನ ತಿಂಗಳುಗಳಲ್ಲಿ ಅಲ್ಲಿ ಗಾಣವು ಹಗಲಿರುಳು ನಿಲ್ಲುತ್ತಿರಲಿಲ್ಲ. ನಿದ್ದೆಗೆಟ್ಟವರ ಕೈಯು ಉರುಳೆಗಳ ನಡುವೆ ಸಿಕ್ಕಿದರೆ ತೋಳೇ ಹೋಗುತ್ತಿತ್ತು. ನಮ್ಮ ಆಲೆಮನೆಗಳಲ್ಲಿಯೂ ಕೈ ಕೊಟ್ಟವರಿದ್ದಾರೆ. ಆದರೆ ಅವರು ಸಾಯಂಕಾಲ ಮನೆಗೆ ಹೋಗುವವರಾಗಿದ್ದರು, ಅವರ ಮಕ್ಕಳನ್ನು ಯಾರೂ ಸಂತೆಯಲ್ಲಿ ಮಾರುತ್ತಿರಲಿಲ್ಲ.

ಡಚ್ಚರು ಬರೀ ಸಕ್ಕರೆಯನ್ನು ಕೊಳ್ಳುವವರಾಗಿಯೇ ಉಳಿಯಲಿಲ್ಲ. 1621ರಲ್ಲಿ ಸ್ಥಾಪಿಸಲ್ಪಟ್ಟ ಅವರ ಪಶ್ಚಿಮ ಇಂಡಿಯಾ ಕಂಪೆನಿಯು 1630ರಲ್ಲಿ ಬ್ರಜಿಲಿನ ಪೆರ್ನಾಂಬುಕೋ ಸೀಮೆಯನ್ನು ಪೋರ್ಚುಗೀಸರಿಂದ ಕಿತ್ತುಕೊಂಡಿತು. ತೋಟಗಳು ಸಿಕ್ಕಿದವು, ಆಳುಗಳು ಬೇಕಾದರು. ಆದದರಿಂದ 1637ರಲ್ಲಿ ಆಫ್ರಿಕದ ಕರಾವಳಿಯ ಎಲ್ಮಿನಾ ಕೋಟೆಯನ್ನೂ ಹಿಡಿದರು. ಬ್ರಜಿಲು 1654ರಲ್ಲಿ ಅವರ ಕೈಬಿಟ್ಟಿತು, ಗುಲಾಮರ ವ್ಯಾಪಾರವು ಬಿಡಲಿಲ್ಲ. ಡಚ್ ಹಡಗುಗಳು ಅಟ್ಲಾಂಟಿಕ್ ಸಮುದ್ರದಾಚೆಗೆ ಒಯ್ದ ಆಫ್ರಿಕದವರು ಒಟ್ಟಿಗೆ ಸುಮಾರು 6 ಲಕ್ಷ. ಯಾನ್ ಸೋಲ್ಮನ್ಸನು 1626ರಲ್ಲಿಯೇ ಸತ್ತನು. ಅವನು ಯಾರನ್ನಾದರೂ ತನ್ನ ಕೈಯಿಂದ ಹೊಡೆದನೆಂದಾಗಲಿ ಮಾರಿದನೆಂದಾಗಲಿ ನಾವು ಹೇಳುವದಿಲ್ಲ. ಅವನು ಪೆಟ್ಟಿಗೆಗಳಲ್ಲಿ ಬಂದದ್ದನ್ನು ಕೊಂಡು, ಶುದ್ಧಮಾಡಿ, ಮಾರಿದನು.

ಮಾರ್ಟೆನನು 1641ರಲ್ಲಿ, ಮೂವತ್ತು ವರುಷವಾಗುವ ಮೊದಲೇ, ತೀರಿಕೊಂಡನು. ವಿಧವೆಯಾದ ಓಪ್ಯೆನಳು 1647ರಲ್ಲಿ ಮಾರ್ಟೆನ್ ಡಾಯ್ ಎಂಬವನನ್ನು ಮದುವೆಯಾದಳು. ಇಬ್ಬರು ಗಂಡಂದಿರಿಗೂ ಹೆಸರು ಒಂದೇ. ಚಿತ್ರಗಳು ಡಾಯ್ ವಂಶದವರ ಮನೆಯಲ್ಲಿ ತಲೆಮಾರುಗಳ ವರೆಗೆ ಉಳಿದದ್ದರಿಂದ, ಪಟದಲ್ಲಿರುವವನು ಈ ಎರಡನೆಯ ಮಾರ್ಟೆನನೇ ಎಂದು ಜನರು ಬಹುಕಾಲ ನಂಬಿದರು. 1956ರಲ್ಲಿ ಇಸಾಬೆಲ್ಲಾ ವಾನ್ ಏಖೆನ್ ಎಂಬ ವಿದ್ವಾಂಸೆಯು ಆಮ್‌ಸ್ಟರ್‌ಡಾಮಿನ ಹಳೆಯ ದಫ್ತರಗಳನ್ನು ಶೋಧಿಸಿ ಆ ತಪ್ಪನ್ನು ತಿದ್ದಿದರು.

ಆದರೆ ಈ ಎರಡನೆಯ ಮಾರ್ಟೆನನನ್ನು ಕುರಿತು ಬೇರೊಂದು ದಫ್ತರವು ಮಾತಾಡುತ್ತದೆ. ಅವನು ಓಪ್ಯೆನಳನ್ನು ವರಿಸುವದಕ್ಕೆ ಮೊದಲು ಕಂಪೆನಿಯ ಸೈನ್ಯದಲ್ಲಿ ಸೇರಿ ಬ್ರಜಿಲಿನಲ್ಲಿದ್ದವನು. ಅಲ್ಲಿ ಡಚ್ಚರು ರಿಫಾರ್ಮ್ಡ್ ಸಭೆಗಳನ್ನು ಕೂಡಿಸಿದ್ದರು. ನಮ್ಮ ಸಭೆಗಳಲ್ಲಿರುವ ಹಾಗೆಯೇ ಅವಕ್ಕೆ ಹಿರಿಯರೂ ಸಭಾಪುಸ್ತಕಗಳೂ ಇದ್ದವು. ಆ ಸಭೆಯವರು ಬರೆದಿಟ್ಟದ್ದರಿಂದ ತಿಳಿಯುವದೇನಂದರೆ, ಮಾರ್ಟೆನ್ ಡಾಯನು ಫ್ರಾನ್ಸಿಸ್ಕ ಎಂಬ ಆಫ್ರಿಕದ ಒಬ್ಬ ಸ್ತ್ರೀಯನ್ನು ತನ್ನ ಮನೆಯಲ್ಲಿ ಸೆರೆಯಾಗಿಟ್ಟು ಬಲಾತ್ಕಾರ ಮಾಡಿದನು. ಆಕೆಯು ಅವನಿಂದ ಒಂದು ಹೆಣ್ಣುಮಗುವನ್ನು ಹೆತ್ತಳು. ಆ ಮಗುವಿನ ಹೆಸರು ಎಲುನಾಮ್. ಈ ಸಾಕ್ಷಿಯು ಅವನ ಶತ್ರುಗಳು ಬರೆದದ್ದಲ್ಲ, ಅವನ ಸ್ವಂತ ಸಭೆಯು ಬರೆದದ್ದು. ಆದಾಗ್ಯೂ ಅವನು ಸ್ವದೇಶಕ್ಕೆ ಹಿಂದಿರುಗಿ, ಐಶ್ವರ್ಯವಂತಳಾದ ವಿಧವೆಯನ್ನು ಮದುವೆಯಾಗಿ, ಮರ್ಯಾದಸ್ಥನಾಗಿ ಬಾಳಿ, 1659ರಲ್ಲಿ ಸತ್ತನು.

ಕರ್ತನು ಹೇಳಿದ ಸಾಮ್ಯದಲ್ಲಿ ಬಾಗಲ ಬಳಿಯಲ್ಲಿ ಬಿದ್ದಿದ್ದ ಬಡವನಿಗೆ ಹೆಸರುಂಟು, ಐಶ್ವರ್ಯವಂತನಿಗೆ ಹೆಸರಿಲ್ಲವೆಂಬದನ್ನು ನಮ್ಮ ಸಬ್ಬತ್ ಶಾಲೆಯ ಮಕ್ಕಳೂ ಬಲ್ಲರು. ಲೋಕದ ಚಿತ್ರಶಾಲೆಗಳಲ್ಲಿ ಇದು ತಲೆಕೆಳಗು. ಕಬ್ಬಿನ ತೋಟಗಳಲ್ಲಿ ಸತ್ತವರೊಳಗೆ ಬಹು ಮಂದಿಯ ಹೆಸರನ್ನು ಯಾರೂ ಬರೆದಿಡಲಿಲ್ಲ. ಫ್ರಾನ್ಸಿಸ್ಕಳ ಹೆಸರಾದರೂ ನಮಗೆ ಬಂದದ್ದು, ಒಬ್ಬ ಲೇಖಕನು ಸಭೆಯ ಪುಸ್ತಕದಲ್ಲಿ ಅದನ್ನು ಬರೆದದ್ದರಿಂದಲೇ. ನಮ್ಮ ಸಭಾಪುಸ್ತಕಗಳನ್ನು ಗೆದ್ದಲಿಗೂ ಇಲಿಗೂ ಬಿಟ್ಟಿರುವ ಹಿರಿಯರು ಇದನ್ನು ಓದಿ ಪೆಟ್ಟಿಗೆಯನ್ನು ಒಂದು ಸಾರಿ ತೆರೆದುನೋಡಿದರೆ ನಮಗೆ ಸಂತೋಷ.

ಚಿತ್ರಗಳ ಮುಂದಣ ಪ್ರಯಾಣವನ್ನು ಚಿಕ್ಕದಾಗಿ ಹೇಳುವೆವು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅವು ಡಾಯ್ ವಂಶದ ಕೈಬಿಟ್ಟು ಆಮ್‌ಸ್ಟರ್‌ಡಾಮಿನ ಪೀಟರ್ ವಾನ್ ವಿಂಟರನಿಗೂ, ಅವನ ಸಂತತಿಯ ಮೂಲಕ ವಾನ್ ಲೋನ್ ಮನೆತನಕ್ಕೂ ಸೇರಿದವು. 1877ರಲ್ಲಿ ಪ್ಯಾರಿಸಿನ ರೋತ್‌ಷಿಲ್ಡ್ ವಂಶದವರು ಕೊಂಡುಕೊಂಡರು. ಆ ಮೇಲೆ ಸುಮಾರು 140 ವರುಷ ಸಾಮಾನ್ಯ ಜನರಿಗೆ ಅವುಗಳ ದರ್ಶನವು ಅಪರೂಪವಾಗಿತ್ತು. 2016ರಲ್ಲಿ ಹಾಲೆಂಡಿನ ಸರಕಾರವೂ ಫ್ರಾನ್ಸಿನ ಸರಕಾರವೂ ಕೂಡಿಕೊಂಡು 16 ಕೋಟಿ ಯೂರೋ ಕೊಟ್ಟು ಎರಡನ್ನೂ ಕ್ರಯಕ್ಕೆ ತೆಗೆದುಕೊಂಡವು. ಗಂಡನು ಹಾಲೆಂಡಿಗೆ, ಹೆಂಡತಿಯು ಫ್ರಾನ್ಸಿಗೆ ಸೇರಿದ್ದರೂ, ಇಬ್ಬರನ್ನೂ ಅಗಲಿಸಬಾರದೆಂಬ ಒಡಂಬಡಿಕೆಯಾಗಿ, ಒಮ್ಮೆ ಪ್ಯಾರಿಸಿನ ಲೂವ್ರ್‌ನಲ್ಲಿಯೂ ಒಮ್ಮೆ ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಮಿನಲ್ಲಿಯೂ ಜೋಡಿಯಾಗಿಯೇ ತೂಗುತ್ತಾರೆ.

ಸುರಿನಾಮ್ ಮೊದಲಾದ ಅಮೇರಿಕದ ಡಚ್ ಸೀಮೆಗಳಲ್ಲಿ ಗುಲಾಮತನವು 1863ನೇ ಜುಲೈ 1ರಂದು ರದ್ದಾಯಿತು. ಆದರೆ ಸುರಿನಾಮಿನಲ್ಲಿ ಬಿಡುಗಡೆ ಹೊಂದಿದವರು ಇನ್ನೂ ಹತ್ತು ವರುಷ ತೋಟಗಳಲ್ಲಿ ಕಡ್ಡಾಯವಾಗಿ ದುಡಿಯಬೇಕಾಯಿತು. ಆ ಹತ್ತು ವರುಷ ಮುಗಿದ 1873ರಲ್ಲಿ, ಅವರ ಸ್ಥಳವನ್ನು ತುಂಬಲಿಕ್ಕೆ ಲಾಲಾ ರೂಖ್ ಎಂಬ ಹಡಗು ಕಲ್ಕತ್ತೆಯಿಂದ ನಮ್ಮ ದೇಶದ ಕೂಲಿಯವರನ್ನು ಹೊತ್ತು ಸುರಿನಾಮನ್ನು ಮುಟ್ಟಿತು. 2022ನೇ ದಶಂಬರ 19ರಂದು ಹಾಲೆಂಡಿನ ಪ್ರಧಾನ ಮಂತ್ರಿಯೂ, 2023ನೇ ಜುಲೈ 1ರಂದು ಅರಸನೂ ತಮ್ಮ ದೇಶವು ಮಾಡಿದ ಈ ಅನ್ಯಾಯಕ್ಕಾಗಿ ಬಹಿರಂಗವಾಗಿ ಕ್ಷಮೆ ಬೇಡಿದರು.

ಇದಕ್ಕೆ ಮುಂಚೆ, 2021ರಲ್ಲಿ, ರೈಕ್ಸ್ ಮ್ಯೂಸಿಯಮಿನವರು ಗುಲಾಮತನವನ್ನು ಕುರಿತು ಒಂದು ಪ್ರದರ್ಶನವನ್ನು ನಡಿಸಿ, ಹತ್ತು ಜೀವಿತಗಳ ಕಥೆಗಳನ್ನು ಜನರ ಮುಂದೆ ಇಟ್ಟರು. ಅವುಗಳಲ್ಲಿ ತೋಟಗಳಿಂದ ಓಡಿಹೋದವರದೂ, ದಂಗೆಯೆದ್ದವರದೂ, ನಮ್ಮ ಬಂಗಾಳದಿಂದ ಒಯ್ಯಲ್ಪಟ್ಟವರದೂ ಇದ್ದವು, ಓಪ್ಯೆನಳದು ಒಂದು. ಮುತ್ತುಗಳೂ ಲೇಸೂ ಇದ್ದ ಆ ಪಟದ ಸಂಗಡ ಅಲ್ಲಿ ಸಕ್ಕರೆಯ ಸಂಗತಿಯೂ, ಫ್ರಾನ್ಸಿಸ್ಕಳ ಮತ್ತು ಅವಳ ಮಗಳ ಹೆಸರುಗಳೂ ಹೇಳಲ್ಪಟ್ಟವು. ಅವರಿಬ್ಬರ ಚಿತ್ರವನ್ನು ತೋರಿಸಲಿಕ್ಕೆ ಇರಲಿಲ್ಲ.